ಅಪ್ಪನ ತಿಥಿಯ ರಾತ್ರಿ ಹಾಡು ನಿಂತ ಜಾಗ

ಅಪ್ಪ ತೀರಿಹೋದ 11ನೇ ದಿನ ರಾತ್ರಿ ಮನೆ ಮುಂದೆ ತಂಬೂರಿ ಕಥೆ ಮಾಡಿಸಬೇಕು ಅಂತ ಅವ್ವ ಹೇಳಿದಾಗ, ಬೇಡ ಅಂದವನು ನಾನೇ. ಅಷ್ಟೂ ದಿನ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಎಡೆ ಇಟ್ಟು, ನೆಂಟರಿಗೆ ಊಟ ಹಾಕಿ ಕಳಿಸಿದರೆ ಸಾಕು, ನಾನೂ ಮೈಸೂರಿಗೆ ಹೋಗಿ ಕೆಲಸ ನೋಡಿಕೊಳ್ಳಬೇಕು ಅನ್ನೋದಷ್ಟೇ ತಲೆಯಲ್ಲಿತ್ತು. ಅವ್ವ ವಾದ ಮಾಡಲಿಲ್ಲ. "ನಿಮ್ಮಪ್ಪ ತಂಬೂರಿ ಕಥೆ ಕೇಳ್ದೆ ಇದ್ದ ವರ್ಷ ಒಂದಾದ್ರೂ ಅದಾ ಮಗಾ?" ಅಂದಳು ಅಷ್ಟೇ.

ಇರಲಿಲ್ಲ. ನಮ್ಮೂರು ಮಳವಳ್ಳಿ ಕಡೆ. ನಮ್ಮ ಕಡೆಯವರು ದೇವರೆಂದೇ ನಂಬುವ ಸಂತ ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ನಮ್ಮ ತಾಲೂಕಿನದೇ. ಜನವರಿಯಲ್ಲಿ ಹುಣ್ಣಿಮೆ ಬಂತೆಂದರೆ ಅಪ್ಪ ವೆಲ್ಡಿಂಗ್ ಶಾಪಿಗೆ ಬೀಗ ಹಾಕಿ ಚಿಕ್ಕಲ್ಲೂರು ಜಾತ್ರೆಗೆ ಹೊರಟುಬಿಡುತ್ತಿದ್ದ. ಜಾತ್ರೆಯ ಐದು ದಿನವೂ ಮುಗಿಯದೆ ವಾಪಸ್ ಬರುತ್ತಿರಲಿಲ್ಲ. ಯಾರ ಟ್ರಾಲಿ ಮುರಿದು ನಿಂತಿದ್ದರೂ ಅಷ್ಟೇ.

ರಾತ್ರಿ ಊಟ ಮುಗಿದ ಮೇಲೆ ನಾಲ್ವರು ನೀಲಗಾರರು ಬಂದು ಚಾಪೆ ಮೇಲೆ ಕೂತರು. ಮಂಟೇಸ್ವಾಮಿ, ಅವರ ಶಿಷ್ಯ ಸಿದ್ದಪ್ಪಾಜಿಯ ಕಥೆ ಹಾಡುವುದಕ್ಕೆಂದೇ ದೀಕ್ಷೆ ಪಡೆದವರು ಇವರು. ಮುಂದೆ ಕೂತ ಹಿರಿಯರು ತಂಬೂರಿಯನ್ನು ಹೆಗಲಿಗೆ ಒರಗಿಸಿಕೊಂಡು, ಇನ್ನೊಂದು ಕೈಗೆ ಗೆಜ್ಜೆಯಂತೆ ಸದ್ದು ಮಾಡುವ ಗಗ್ಗರ ಹಾಕಿಕೊಂಡರು. ಒಬ್ಬರ ಹತ್ತಿರ ಡಕ್ಕೆ ಅನ್ನೋ ಚಿಕ್ಕ ಚರ್ಮವಾದ್ಯ, ಉಳಿದವರ ಹತ್ತಿರ ತಾಳ. ಆ ಹಿರಿಯರ ಮನೆ ಗೇಟು ಅಪ್ಪನೇ ಮಾಡಿಕೊಟ್ಟದ್ದು. ಮೂವತ್ತು ವರ್ಷದ ಪರಿಚಯ.

ಕಥೆ ಶುರುವಾಗುವುದೇ ಕರೆಯುವುದರಿಂದ. ಸಿದ್ದಯ್ಯನನ್ನು, ಅಂದರೆ ಸಿದ್ದಪ್ಪಾಜಿಯನ್ನು, ಬನ್ನಿ ಬನ್ನಿ ಅಂತ ಹಿರಿಯರು ಕೂಗುತ್ತಾರೆ, ಹಿಂದಿನವರು ಅದೇ ಸೊಲ್ಲನ್ನು ಎತ್ತಿಕೊಳ್ಳುತ್ತಾರೆ, ಪ್ರತಿ ಸಾಲಿನ ಕೊನೆಗೂ ಮತ್ತೆ ಅದೇ ಕರೆ. ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೆನೋ. ಆದರೆ ಆವತ್ತು ಮೈ ಜುಮ್ಮೆಂದಿತು. ಅಷ್ಟೂ ದಿನ ನಮ್ಮ ಮನೆಯಲ್ಲಿ ಆಡಿದ್ದೆಲ್ಲ ಹೋದರು, ಹೋಗಿಬಿಟ್ಟರು, ಇಷ್ಟು ಬೇಗ ಹೋಗಬಾರದಿತ್ತು ಅನ್ನೋ ಮಾತೇ. ಅಂಥ ಅಂಗಳದಲ್ಲಿ ನಾಲ್ಕು ಜನ ಕೂತು ಗಟ್ಟಿಯಾಗಿ ಬನ್ನಿ ಅಂತ ಕರೆಯುತ್ತಿದ್ದರು. ಅವರು ಕರೆಯುತ್ತಿದ್ದದ್ದು ಸಿದ್ದಯ್ಯನನ್ನೇ, ನನಗೂ ಗೊತ್ತು. ಆದರೂ ನಾನು ಬಾಗಿಲ ಕಡೆ ನೋಡಿದೆ.

ಪೂರ್ತಿ ಕಥೆ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಬಸವಣ್ಣನ ಜೊತೆಗಿದ್ದ ಶರಣರನ್ನು ಪರೀಕ್ಷೆ ಮಾಡುವುದೇ ಒಂದು ದೊಡ್ಡ ಭಾಗ. ನಾವು ಹಾಡಿಸಿದ್ದು ಹಲಗೂರಿನ ಭಾಗ ಮಾತ್ರ, ಅಪ್ಪನಿಗೆ ಇಷ್ಟ ಅಂತ. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಿಕೊಂಡು ಹಲಗೂರಿಗೆ ಬರುತ್ತಾರೆ. ಅಲ್ಲಿ ಕುಲುಮೆ ಕೆಲಸದ ಪಾಂಚಾಳರು, ಮನೆ ತುಂಬ ಕಬ್ಬಿಣ ಇಟ್ಟುಕೊಂಡೇ ಇಲ್ಲ ಅಂತಾರೆ. ಇಲ್ಲಿಗೆ ಕಥೆ ಬಂದಾಗಲೆಲ್ಲ, ಯಾರ ಮನೆ ಅಂಗಳವಾದರೂ ಸರಿ, ಅಪ್ಪ ಕೂತಲ್ಲಿಂದಲೇ ಕೂಗುತ್ತಿದ್ದ: "ಅದೆ ಅದೆ, ಕುಲುಮೆ ಹಿಂದ್ಗಡೆ ನೋಡಿ ಬುದ್ಧೀ!" ದಿನವಿಡೀ ಕಬ್ಬಿಣದ ಜೊತೆಗೇ ಇದ್ದವನು, ಅದನ್ನು ಎಲ್ಲಿ ಬಚ್ಚಿಡುತ್ತಾರೆ ಅಂತ ಅವನಿಗೆ ಗೊತ್ತಿಲ್ಲವಾ! ಜನ ನಗುತ್ತಿದ್ದರು. ಹಾಡುವವರೂ ನಕ್ಕು ಮುಂದೆ ಹೋಗುತ್ತಿದ್ದರು. ಕಾಲೇಜಿಗೆ ಹೋಗುವಾಗ ನನಗೆ ಇದರಿಂದ ತುಂಬ ನಾಚಿಕೆ ಆಗುತ್ತಿತ್ತು, ದೂರ ಹೋಗಿ ನಿಂತುಕೊಳ್ಳುತ್ತಿದ್ದೆ. ಅದನ್ನು ನೆನೆದರೆ ಈಗ ಹೊಟ್ಟೆ ಉರಿಯುತ್ತದೆ.

ಆವತ್ತು ಆ ಜಾಗ ಬಂದಾಗ ಮಧ್ಯರಾತ್ರಿ ದಾಟಿತ್ತು. ಮಕ್ಕಳೆಲ್ಲ ಮಲಗಿದ್ದರು. ನಮ್ಮ ಹತ್ತಿರ ಕಬ್ಬಿಣವೇ ಇಲ್ಲ ಅನ್ನೋ ಪಾಂಚಾಳರ ಮಾತನ್ನು ಹಾಡಿದ ಹಿರಿಯರು ಅಲ್ಲಿಗೇ ನಿಲ್ಲಿಸಿದರು. ಮರೆತರೇನೋ, ಇಲ್ಲ ಗಂಟಲು ಕಟ್ಟಿತೇನೋ ಅಂದುಕೊಂಡೆ. ನೀರಿನ ಲೋಟ ಎತ್ತಲು ಬಗ್ಗಿದೆ ಕೂಡ. ಆಮೇಲೆ ನೋಡಿದರೆ ಅವರ ಬೆರಳು ತಂತಿ ಮೀಟುತ್ತಲೇ ಇತ್ತು, ತಾಳದವರೂ ಡಕ್ಕೆಯವರೂ ಕೈ ಸುಮ್ಮನಿಟ್ಟುಕೊಂಡು ಕಾಯುತ್ತಿದ್ದರು. ಅಪ್ಪ ಕೂಗುತ್ತಿದ್ದಷ್ಟು ಹೊತ್ತನ್ನು ಅವರು ಹಾಗೇ ಬಿಟ್ಟಿದ್ದರು. ಮೂವತ್ತು ವರ್ಷ ಅಲ್ಲಿ ಅವನ ದನಿ ಇತ್ತಲ್ವಾ, ಅದನ್ನು ಮುಚ್ಚಿ ಮುಂದೆ ಹೋಗಲು ಅವರಿಗೆ ಮನಸ್ಸಾಗಿರಲಿಲ್ಲ.

ಯಾರೂ ಮಾತಾಡಲಿಲ್ಲ. ನಾನೇ ಕೂಗಬೇಕಿತ್ತು, ಮಗ ಅಂತ ಇದ್ದವನು ನಾನೇ. ಬಾಯಿ ಬರಲಿಲ್ಲ.

ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದ ಅವ್ವ, ಜನರ ಮುಂದೆ ಯಾವತ್ತೂ ದನಿ ಎತ್ತದವಳು, ಸೆರಗನ್ನು ಬಾಯಿಗೆ ಒತ್ತಿಕೊಂಡೇ ಮೆಲ್ಲಗೆ ಹೇಳಿದಳು, "ಅದೆ ಅದೆ, ಕುಲುಮೆ ಹಿಂದ್ಗಡೆ ನೋಡಿ."

ಹಿರಿಯರಿಗೆ ಕೇಳಿಸಿತೋ, ಇಲ್ಲ ಅವಳ ತುಟಿ ನೋಡಿದರೋ, ತಲೆ ಆಡಿಸಿ ಗಗ್ಗರ ಝಲ್ಲೆನಿಸಿದರು. ಮತ್ತೆ ಬನ್ನಿ ಬನ್ನಿ ಅನ್ನೋ ಸೊಲ್ಲು ಎದ್ದಿತು. ಕಾದ ಕಬ್ಬಿಣದ ಪರೀಕ್ಷೆ, ಸಿದ್ದಪ್ಪಾಜಿ ಗೆಲ್ಲುವುದು, ಎಲ್ಲ ಮುಗಿಯುವ ಹೊತ್ತಿಗೆ ಕೋಳಿ ಕೂಗಿತ್ತು.

ಆ ರಾತ್ರಿ ಫೋನಲ್ಲಿ ಒಂದಷ್ಟು ರೆಕಾರ್ಡ್ ಮಾಡಿಕೊಂಡಿದ್ದೆ. ಫೋನನ್ನು ಹಾಡುವವರ ಮುಂದೆ ಇಟ್ಟಿದ್ದೆ, ಅವ್ವನಿಂದ ದೂರ. ಮೈಸೂರಲ್ಲಿ ರಾತ್ರಿ ಒಬ್ಬನೇ ಇದ್ದಾಗ ಅದನ್ನು ಹಾಕಿಕೊಳ್ಳುತ್ತೇನೆ. ಆ ಜಾಗದಲ್ಲಿ ಬರೀ ತಂಬೂರಿ ಕೇಳುತ್ತದೆ, ದೂರದಲ್ಲಿ ಒಂದು ನಾಯಿ. ಅವ್ವನ ಮಾತು ಅದರಲ್ಲಿ ಇಲ್ಲ.