ಐದು ಅಂಕಣದ ಪಡಸಾಲೆ: ಮೂರನೇ ವಾರದ ಕೆಲಸ

ಸೋಮವಾರ

ನಮ್ಮ ಬಡಗಿ ಶೆಡ್‌ನಲ್ಲಿ ಮಾಡುತ್ತಿರುವ ಪಡಸಾಲೆಗೆ ಐದು ಅಂಕಣ, ಅಂದರೆ ಕಂಬಗಳ ನಡುವಿನ ಐದು ಖಾನೆ. ಅದರ ಹನ್ನೆರಡನೇ ಕಂಬದ ಕೆಲಸ ಇವತ್ತು ಮುಗಿಯಿತು. ಎಲ್ಲವೂ ಹಲಸು. ಹೊಸದಾಗಿ ಹತ್ತರಿ ಹೊಡೆದು ನಯ ಮಾಡಿದಾಗ ಅರಿಶಿನ ಬಣ್ಣ, ಒಂದೆರಡು ವರ್ಷಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಶೆಡ್ ತುಂಬ ಅದರದೇ ವಾಸನೆ. ಉಳಿದಿರುವುದು ಆರು ತೊಲೆ. ಅದರಲ್ಲಿ ನಾಲ್ಕು, ತೀರ್ಥಹಳ್ಳಿ ಕಡೆ ಹಳೇ ಮನೆ ಬಿಚ್ಚಿದಾಗ ಸಿಕ್ಕಿದ ಮತ್ತಿ ಮರದವು.

ಮಂಗಳವಾರ

ಇಡೀ ದಿನ ಮೊಳೆ ಕಿತ್ತಿದ್ದೇ ಆಯಿತು. ಹಳೇ ಮರದಲ್ಲಿ ಮೊಳೆ ಎಲ್ಲಿ ಅಡಗಿರುತ್ತದೋ ಹೇಳಲಾಗುವುದಿಲ್ಲ. ಮಿಷನ್ ಗರಗಸಕ್ಕೆ ಒಂದು ಸಿಕ್ಕಿದರೂ ಹಲ್ಲು ಹೋಯಿತು. ಅದಕ್ಕೇ ಮೊದಲು ಅಯಸ್ಕಾಂತ ಆಡಿಸಿ ನೋಡುತ್ತೇವೆ, ಆಮೇಲೆ ಕೈಯಿಂದ ಸವರಿ ನೋಡುತ್ತೇವೆ. ಒಂದೇ ತೊಲೆಯಲ್ಲಿ 23 ಮೊಳೆ ಸಿಕ್ಕವು.

ಬುಧವಾರ

ಇವತ್ತು ನನ್ನಿಂದ ತಪ್ಪಾಯಿತು. ಅದನ್ನು ವಿವರವಾಗಿಯೇ ಬರೆದಿಡುತ್ತೇನೆ.

ತೊಲೆ 8 ಇಂಚು ಅಗಲ, 10 ಇಂಚು ಎತ್ತರ, 14 ಅಡಿ ಉದ್ದ. ಸುಮಾರು ಏಳೂಮುಕ್ಕಾಲು ಸಿಎಫ್‌ಟಿ (ಘನ ಅಡಿ). ಒಣಗಿದ ಮತ್ತಿ ಆದರೂ 180 ಕೆಜಿ ಹತ್ತಿರ ತೂಗುತ್ತದೆ. ಅದರ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ ಕಂಬದ ಗುಳಿಯಲ್ಲಿ ಕೂರಿಸಬೇಕು. ನಾಲಿಗೆಯ ಎರಡೂ ಪಕ್ಕ ಉಳಿಯುವ ಚಪ್ಪಟೆ ಮುಖಕ್ಕೆ ನಮ್ಮ ಶೆಡ್‌ನಲ್ಲಿ ಹೆಗಲು ಎನ್ನುತ್ತೇವೆ. ಭಾರ ಹೊರುವುದು ನಾಲಿಗೆ. ಹೆಗಲು ಕಂಬಕ್ಕೆ ಪೂರ್ತಿ ಅಂಟಿ ಕೂತರೆ ಮಾತ್ರ ಚೌಕಟ್ಟು ಅಲ್ಲಾಡದೆ ನಿಲ್ಲುತ್ತದೆ.

ಹಳೇ ತೊಲೆ ಸ್ವಲ್ಪ ತಿರುಚಿಕೊಂಡಿತ್ತು. ನಾನು ಅದರ ಅಂಚಿಗೇ ಮೂಲೆಮಟ್ಟ ಇಟ್ಟು ಗೆರೆ ಎಳೆದೆ. ಕೂರಿಸಿ ನೋಡಿದರೆ ಮೇಲೆ ಅಂಟಿದೆ, ಕೆಳಗೆ ಕಾಲಿಂಚು ಸಂದು! ಹೊಟ್ಟೆ ಚುರುಕ್ ಎಂದಿತು. ಇಷ್ಟು ವರ್ಷ ಒಂದು ಮನೆಯನ್ನು ಹೊತ್ತ ಮರ ಅಲ್ವಾ ಅದು, ಹಾಳಾದರೆ ಇನ್ನೊಂದು ಎಲ್ಲಿಂದ ತರುವುದು?

ನಮ್ಮ ಹಿರಿಯ ಬಡಗಿ ಆಚಾರ್ರು ಬೈಯಲಿಲ್ಲ. "ಆ ಕಡೆ ತುದಿ ಕುಯ್ದಿದ್ದೀಯೇನೋ?" ಎಂದರು. "ಇಲ್ಲ ಆಚಾರ್ರೇ." "ಹಾಗಾದ್ರೆ ಏನೂ ಆಗಿಲ್ಲ. ಗರಗಸ ತಗೊಂಡು ಬಾ."

ತೊಲೆಯನ್ನು ಕಂಬಕ್ಕೆ ಬಿಗಿದು, ಹೆಗಲಿಗೂ ಕಂಬಕ್ಕೂ ನಡುವೆ ಕೈಗರಗಸ ಹಾಕಿ ಎಳೆಯಲು ಹೇಳಿದರು. ಎಲ್ಲಿ ಅಂಟಿದೆಯೋ ಅಲ್ಲಿ ಮಾತ್ರ ಹಲ್ಲು ಕಚ್ಚುತ್ತದೆ, ಸಂದಿರುವ ಕಡೆ ಸುಮ್ನೆ ಆಡುತ್ತದೆ. ಒಂದು ಸಲ ಎಳೆದು ತೊಲೆಯನ್ನು ಮುಂದಕ್ಕೆ ತಳ್ಳು, ಮತ್ತೆ ಎಳೆ. ಮೂರನೇ ಸಲಕ್ಕೆ ಸಂದಿನಲ್ಲಿ ಪೋಸ್ಟ್‌ಕಾರ್ಡ್ ಕೂಡ ತೂರಲಿಲ್ಲ. ತೊಲೆ ಕಾಲಿಂಚು ಗಿಡ್ಡ ಆಯಿತು. ಆ ಕಡೆ ತುದಿ ಇನ್ನೂ ಕುಯ್ದಿರಲಿಲ್ಲವಾದ್ದರಿಂದ ಅಳತೆ ಅಲ್ಲಿ ಸರಿಹೋಯಿತು.

ಉಳಿದ ಮೂರು ಹಳೇ ತೊಲೆಗೆ ಮೊದಲು ದಾರಕ್ಕೆ ಮಸಿ ಅದ್ದಿ, ತೊಲೆಯ ನಟ್ಟನಡುವೆ ಉದ್ದಕ್ಕೂ ಗೆರೆ ಹೊಡೆದೆವು. ಅಂಚು ಡೊಂಕಾಗಿರಬಹುದು, ದಾರದ ಗೆರೆ ಡೊಂಕಾಗುವುದಿಲ್ಲ. ಎಲ್ಲ ಅಳತೆಯೂ ಈಗ ಆ ಗೆರೆಯಿಂದಲೇ.

ಗುರುವಾರ

ಅಡಿಕೆ ಕೊಯ್ಲು ಶುರುವಾಗಿದೆ. ಇಬ್ಬರು ತೋಟಕ್ಕೆ ಹೋದರು. ಇನ್ನೆರಡು ತೊಲೆ ಮಾತ್ರ ಆಯಿತು. ಉಳಿ ಮಸೆದೆ.

ಶುಕ್ರವಾರ

ಮರದ ಮೊಳೆ ಮಾಡುವ ದಿನ. ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಚೆನ್ನಾಗಿ ಒಣಗಿದ ಬೋಗಿ ಮರದ ತುಂಡನ್ನು ಗರಗಸದಲ್ಲಿ ಕುಯ್ಯುವುದಿಲ್ಲ, ಬಾಚಿಯಿಂದ ಸೀಳುತ್ತೇವೆ. ಸೀಳಿದರೆ ನಾರು ತುದಿಯಿಂದ ತುದಿಗೆ ಕಡಿಯದೆ ಬರುತ್ತದೆ, ಹೊಡೆಯುವಾಗ ಮುರಿಯುವುದಿಲ್ಲ. ಒಂದು ತುದಿ ಚೂಪು ಮಾಡಬೇಕು.

ಈ ಮೊಳೆ ಹೋಗುವ ಕಂಬದ ತೂತು ಮತ್ತು ನಾಲಿಗೆಯ ತೂತು ಒಂದೇ ನೇರಕ್ಕೆ ಇರಬಾರದು. ನಾಲಿಗೆಯದ್ದನ್ನು 2 ಮಿ.ಮೀ.ನಷ್ಟು ಹೆಗಲ ಕಡೆಗೆ ಸರಿಸಿ ಕೊರೆಯುತ್ತೇವೆ. ಮೊಳೆ ಒಳಗೆ ಹೋಗುತ್ತ ಹೋಗುತ್ತ ತೊಲೆಯನ್ನು ಕಂಬದ ಕಡೆಗೆ ಎಳೆದು ಬಿಗಿಯುತ್ತದೆ. ಜಾಸ್ತಿ ಸರಿಸಿದರೆ ಮೊಳೆ ಮುರಿಯುತ್ತದೆ, ಇಲ್ಲವೇ ನಾಲಿಗೆ ಸೀಳುತ್ತದೆ. ಈ ಮರಗಳಿಗೆ 2 ಮಿ.ಮೀ. ಸಾಕು.

ಶನಿವಾರ

ಮೊದಲ ಅಂಕಣ ಎದ್ದಿತು. ಕಂಬದ ಬುಡ ಮಣ್ಣಿಗೆ ತಾಗಬಾರದು. ಮರ ಬುಡದಿಂದಲೇ ನೀರು ಹೀರುತ್ತದೆ, ನಮ್ಮ ಮಳೆಗೆ ಕೊಳೆಯಲು ಎಷ್ಟು ಹೊತ್ತು? ಹಾಗಾಗಿ ಪ್ರತಿ ಕಂಬದ ಕೆಳಗೂ ಕಲ್ಲು, ಬುಡಕ್ಕೆ ಎರಡು ಸಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ). ಕೈಗೆ ತಾಗಿದರೆ ಸುಡುತ್ತದೆ, ಗ್ಲೌಸ್ ಬೇಕೇ ಬೇಕು.

ಚೈನ್ ಪುಲ್ಲಿ ಹಾಕಿ ತೊಲೆ ಎತ್ತಿದೆವು. ಬುಧವಾರದ ಅದೇ ತೊಲೆ. ಮರದ ಮೊಳೆ ಹೊಡೆಯಲು ಆಚಾರ್ರು ಕೊಡತಿಯನ್ನು (ಮರದ ಸುತ್ತಿಗೆ) ನನ್ನ ಕೈಗೆ ಕೊಟ್ಟರು. ಮೊದಲ ಪೆಟ್ಟಿಗೆ ಟೊಳ್ಳು ಸದ್ದು. ಐದನೆಯದಕ್ಕೆ ಸದ್ದು ಗಟ್ಟಿಯಾಯಿತು, ಹೆಗಲು ಕಂಬಕ್ಕೆ ಕಚ್ಚಿಕೊಂಡಿತು. ಕೆಳಗಿಳಿದು ಬಂದು ಸಂದು ಇದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದೆ.

ಇನ್ನು ನಾಲ್ಕು ಅಂಕಣ ಇದೆ. ಪಕಾಸಿಗೆ (ಮಾಡಿನ ಇಳಿಜಾರು ಪಟ್ಟಿ) ಬೇಕಾದ ಮರ ಸೋಮವಾರ ಮಿಲ್ಲಿನಿಂದ ಬರುತ್ತದೆ.