"ಇನ್ನೂ ಗಟ್ಟಿ ಸ್ಟೀಲ್‌ನಲ್ಲಿ ಮಾಡಿಬಿಡಿ" ಅನ್ನುವವರಿಗೆ ನನ್ನ ಉತ್ತರ

ಹಳೆಯ ವೇಗದ ಕಾರುಗಳ ಎಂಜಿನ್‌ಗೆ ಬಿಡಿಭಾಗ ವಿನ್ಯಾಸ ಮಾಡುವುದು ನನ್ನ ಕೆಲಸ. ಇದು ಗೊತ್ತಾದ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ ಮಾತು: "ಅದರಲ್ಲಿ ವಿನ್ಯಾಸ ಮಾಡೋದೇನಿದೆ? ಹಳೇ ಪಾರ್ಟ್ ಬಿಚ್ಚಿ ಅಳತೆ ತೆಗೀರಿ, ಅದನ್ನೇ ಇನ್ನೂ ಗಟ್ಟಿ ಸ್ಟೀಲ್‌ನಲ್ಲಿ ಮಾಡಿ. ಮುಗೀತಲ್ಲ?"

ಕೇಳುವವರ ತಪ್ಪೇನಿಲ್ಲ. ಈ ಕೆಲಸಕ್ಕೆ ಇಳಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಅಂದುಕೊಂಡಿದ್ದಷ್ಟೇ ಅಲ್ಲ, ಮಾಡಿಯೂ ಬಿಟ್ಟೆ. ಕೆಲವು ಹಳೆಯ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್‌ನ (ವಾಲ್ವ್‌ಗಳನ್ನು ತೆರೆಯುವ ದಂಡ) ಮೈಮೇಲೇ ಹಲ್ಲು ಕಡೆದಿರುತ್ತಾರೆ. ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನೂ ಆಯಿಲ್ ಪಂಪನ್ನೂ ತಿರುಗಿಸುವ ಪುಟ್ಟ ಗೇರ್ ಒಂದು ಆ ಹಲ್ಲಿಗೆ ಕಚ್ಚಿಕೊಂಡು ಓಡುತ್ತದೆ. ಆ ಗೇರ್ ಸವೆಯುತ್ತದೆ ಅಂತ ಎಲ್ಲರ ದೂರು. ನಾನು ಒಳ್ಳೆಯ ಸ್ಟೀಲ್ ತರಿಸಿ, ಹಲ್ಲಿಗೆ ಚೆನ್ನಾಗಿ ಗಡಸು ಕೊಡಿಸಿ, ಜಂಬದಿಂದಲೇ ಮಾರಿದೆ. ಕೆಲವು ತಿಂಗಳ ನಂತರ ಒಬ್ಬರು ತಮ್ಮ ಆಯಿಲ್ ಫಿಲ್ಟರ್ ಕತ್ತರಿಸಿಕೊಂಡು ಬಂದರು. ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿದರೆ ಜರಿ ಸೀರೆಯ ಹಾಗೆ ಮಿನುಗುತ್ತಿತ್ತು. ಕೆಳಗೆ ಅಯಸ್ಕಾಂತ ಆಡಿಸಿದೆ, ಪುಡಿಯೆಲ್ಲ ಅದರ ಹಿಂದೆಯೇ ಸರಿಯಿತು. ನನ್ನ ಗೇರ್‌ಗೆ ಒಂದು ಗೀರೂ ಇರಲಿಲ್ಲ. ಕ್ಯಾಮ್‌ಶಾಫ್ಟ್‌ನ ಹಲ್ಲುಗಳು ಬ್ಲೇಡಿನಂತೆ ತೆಳುವಾಗಿದ್ದವು. "ನಿಮ್ಮ ಪಾರ್ಟ್ ಏನೋ ಚೆನ್ನಾಗಿದೆ ಸಾರ್, ನನ್ನ ಎಂಜಿನ್ನೇ ಹೋಯ್ತು" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇಂಥ ಕಡೆಗೆ ಈಗ ಕಂಚಿನ ಗೇರ್ ಮಾಡುತ್ತೇನೆ. ಅದು ಸವೆಯುತ್ತದೆ, ಸವೆಯಲಿ ಅಂತಲೇ ಮಾಡಿದ್ದು. ಆಗಾಗ ಬಿಚ್ಚಿ ನೋಡಿ, ತೆಳುವಾಗಿದ್ದರೆ ಬದಲಾಯಿಸಿ ಅಂತ ಮೊದಲೇ ಹೇಳಿ ಮಾರುತ್ತೇನೆ. ಎರಡು ಲೋಹ ಉಜ್ಜಾಡುವಲ್ಲಿ ಯಾವುದಾದರೂ ಒಂದು ಸೋಲಲೇಬೇಕು. ಸೋಲುವುದು ಅಗ್ಗದ್ದಾಗಿರಬೇಕೋ, ಎಂಜಿನ್ ಪೂರ್ತಿ ಬಿಚ್ಚಿ ತೆಗೆಯಬೇಕಾದದ್ದಾಗಿರಬೇಕೋ ಅನ್ನುವುದು ನನ್ನ ಕೈಲಿದೆ.

ಅಳತೆಯ ಮಾತಿಗೆ ಬರೋಣ. ನಲವತ್ತು ವರ್ಷ ಓಡಿದ ಪಾರ್ಟನ್ನು ಅಳೆದರೆ ಸಿಗುವುದು ನಲವತ್ತು ವರ್ಷದ ಸವೆತದ ಅಳತೆ. ಎಷ್ಟೇ ದುಬಾರಿ ಸ್ಕ್ಯಾನರ್ ತಂದರೂ ಅದು ಆ ಸವೆತವನ್ನೇ ಇನ್ನಷ್ಟು ನಿಖರವಾಗಿ ಹೇಳುತ್ತದೆ. ಹಾಗಾಗಿ ಒಂದೇ ಮಾದರಿಯ ನಾಲ್ಕಾರು ಪಾರ್ಟ್ ಗುಡ್ಡೆ ಹಾಕಿಕೊಂಡು, ಯಾವುದೂ ತಾಗದ, ಉಜ್ಜದ ಜಾಗಗಳನ್ನು ಹುಡುಕಿ, ಅಲ್ಲಿಂದ ಮೂಲ ಅಳತೆಯನ್ನು ಊಹಿಸಬೇಕು. ಸವೆದ ಜಾಗಗಳನ್ನೂ ಬಿಡುವುದಿಲ್ಲ. ಒಂದೇ ಬದಿ ಸವೆದಿದ್ದರೆ ಪಾರ್ಟ್ ಓರೆಯಾಗಿ ಕೂತಿತ್ತು ಅಂತ ಅರ್ಥ, ಓರೆಗೆ ಕಾರಣ ಪಕ್ಕದಲ್ಲೇ ಎಲ್ಲೋ ಇರುತ್ತದೆ.

ಈ ಪಕ್ಕದ ಪಾರ್ಟಿನ ಕಥೆಗೆ ನಾನು ಯಾವಾಗಲೂ ಕೊಡುವ ಉದಾಹರಣೆ ನಿಸಾನ್‌ನ ಆರ್‌ಬಿ26 ಎಂಜಿನ್. 1989ರಲ್ಲಿ ಸ್ಕೈಲೈನ್ ಜಿಟಿ-ಆರ್ ಜೊತೆ ಬಂದದ್ದು, ಸಾಲಾಗಿ ಆರು ಸಿಲಿಂಡರ್, ಎರಡು ಟರ್ಬೊ. ಜೋರಾಗಿ ಓಡಿಸುವವರ ಕೈಯಲ್ಲಿ ಇದರ ಆಯಿಲ್ ಪಂಪ್ ಒಡೆಯುವುದು ಜಗಜ್ಜಾಹೀರು. ಪಂಪಿನ ಒಳಗಿನ ಗೇರ್‌ಗಳು ಲೋಹದ ಪುಡಿಯನ್ನು ಅಚ್ಚೊತ್ತಿ ಸುಟ್ಟು ಮಾಡಿದವು. ಅವು ಒತ್ತಡ ತಡೆಯುತ್ತವೆ, ಏಟು ತಡೆಯುವುದಿಲ್ಲ. ಸರಿ, ಗಟ್ಟಿ ಸ್ಟೀಲಿನ ಗೇರ್ ಹಾಕೋಣ ಅಂತೀರಿ. ಹಾಕಬಹುದು, ಹಾಕುತ್ತಾರೆ ಕೂಡ. ಆದರೆ ಏಟು ಬರುತ್ತಿರುವುದು ಎಲ್ಲಿಂದ?

ಕ್ರ್ಯಾಂಕ್‌ಶಾಫ್ಟ್‌ನಿಂದ, ಅಂದರೆ ಪಿಸ್ಟನ್‌ಗಳ ಏರಿಳಿತವನ್ನು ಸುತ್ತಾಟವಾಗಿಸುವ ದಂಡದಿಂದ. ಸಾಲು ಆರು ಸಿಲಿಂಡರ್ ಅಂದರೆ ಉದ್ದನೆಯ ಕ್ರ್ಯಾಂಕ್. ಪ್ರತಿ ಸಿಲಿಂಡರ್ ಉರಿದಾಗಲೂ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂದಿಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಈ ತಿರುಚಾಟ ಅತಿ ಹೆಚ್ಚು ಇರುವುದು ಮುಂದಿನ ತುದಿಯಲ್ಲಿ, ಪಂಪ್ ಕೂತಿರುವುದೂ ಅಲ್ಲೇ. ಮೊದಮೊದಲ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಪಂಪನ್ನು ಹಿಡಿದು ತಿರುಗಿಸುವ ಚಪ್ಪಟೆ ಜಾಗ ಕಿರಿದಾಗಿತ್ತು. ಆಮೇಲೆ ನಿಸಾನ್ ಅದನ್ನು ಅಗಲ ಮಾಡಿತು. ಹಳೆಯ ಕ್ರ್ಯಾಂಕ್‌ಗೆ ತುದಿ ಕಡೆದು ಅಗಲದ ಕಾಲರ್ ಕೂರಿಸುತ್ತಾರೆ. ಇನ್ನು ಮುಂದಿನ ಪುಲ್ಲಿಯೊಳಗಿನ ಡ್ಯಾಂಪರ್. ಈ ನಡುಕವನ್ನು ಹೀರುವುದು ಅದರ ರಬ್ಬರ್‌ನ ಕೆಲಸ. ಮೂವತ್ತು ವರ್ಷದ ರಬ್ಬರ್ ಗಟ್ಟಿಯಾಗಿ, ಬಿರಿದು, ಕೆಲಸ ಬಿಟ್ಟಿರುತ್ತದೆ. ಅದನ್ನು ಹಾಗೇ ಬಿಟ್ಟು ಬರೀ ಗೇರ್ ಬದಲಿಸಿದರೆ ಏಟು ನಿಂತಿಲ್ಲ, ಅದರ ವಿಳಾಸ ಬದಲಾಗಿದೆ ಅಷ್ಟೆ. ಹಾಗಾಗಿ ಯಾರಾದರೂ ನನ್ನ ಹತ್ತಿರ ಪಂಪ್ ಗೇರ್ ಕೇಳಿದರೆ ನಾನು ಮೊದಲು ಕೇಳುವುದು ಡ್ಯಾಂಪರ್ ಬಗ್ಗೆ. ಕೆಲವರಿಗೆ ಇದು ವ್ಯಾಪಾರದ ಗಿಮಿಕ್ ಅನ್ನಿಸುತ್ತದೆ. ಅನ್ನಿಸಲಿ.

ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೋಲ್ಟ್ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಪೆಟ್ರೋಲ್ ಸ್ಫೋಟಿಸಿದಾಗ ಅದಕ್ಕೆ ಭಾರ ಬೀಳುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆಗ ರಾಡ್ ಒತ್ತಿಸಿಕೊಳ್ಳುತ್ತದೆ, ಬೋಲ್ಟಿಗೆ ಅಂಥ ಕಷ್ಟವಿಲ್ಲ. ಅದಕ್ಕೆ ಕಷ್ಟ ಬರುವುದು ಹೊಗೆ ಹೊರಹೋಗುವ ಹೊಡೆತದ ಕೊನೆಯಲ್ಲಿ. ಪಿಸ್ಟನ್ ಮೇಲೆ ಹೋಗಿ ಗಕ್ಕನೆ ನಿಂತು ಹಿಂತಿರುಗಬೇಕು, ಮೇಲಿನಿಂದ ತಳ್ಳಲು ಒತ್ತಡವಿಲ್ಲ, ಪೂರ್ತಿ ಎಳೆತ ಎರಡು ಬೋಲ್ಟ್‌ಗಳದ್ದು. ಇದೇ ಆರ್‌ಬಿ26ರ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, 73.7 ಮಿ.ಮೀ. ನಿಮಿಷಕ್ಕೆ 8000 ಸುತ್ತಿನಲ್ಲಿ ಲೆಕ್ಕ ಹಾಕಿದರೆ ಪಿಸ್ಟನ್ ಅನುಭವಿಸುವುದು ಭೂಮಿಯ ಗುರುತ್ವದ ಮೂರು ಸಾವಿರ ಪಟ್ಟಿಗೂ ಹೆಚ್ಚು. ಪಿಸ್ಟನ್, ರಿಂಗು, ಪಿನ್ನು ಸೇರಿ ಅರ್ಧ ಕೆ.ಜಿ. ಅಂದುಕೊಂಡರೂ ಒಂದೂವರೆ ಟನ್ನಿಗೆ ಮಿಕ್ಕಿದ ಎಳೆತ, ಸೆಕೆಂಡಿಗೆ ಅರವತ್ತಾರು ಸಲ. 7000ದಿಂದ 8000ಕ್ಕೆ ಹೋದರೆ ವೇಗ ಏಳರಲ್ಲಿ ಒಂದು ಪಾಲು ಏರಿತು, ಎಳೆತ ಮಾತ್ರ ಶೇ. 30ರಷ್ಟು ಏರಿತು. ಇಲ್ಲಿ ಬೋಲ್ಟನ್ನು ಉಳಿಸುವುದು ಲೋಹದ ದರ್ಜೆಗಿಂತ ಹೆಚ್ಚಾಗಿ ಅದರ ಮೈ ಮತ್ತು ಬಿಗಿ. ಥ್ರೆಡ್ಡನ್ನು ಕತ್ತರಿಸದೆ ಒತ್ತಿ ಉರುಳಿಸಿ ಮಾಡಬೇಕು, ತಲೆಯ ಕೆಳಗಿನ ಮೂಲೆ ದುಂಡಗಿರಬೇಕು, ಬಿಗಿ ಮಾಡುವಾಗ ಟಾರ್ಕ್ ವ್ರೆಂಚನ್ನು ನಂಬಿ ಕೂರಬಾರದು. ವ್ರೆಂಚಿಗೆ ಹಾಕಿದ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ಘರ್ಷಣೆಗೆ ಹೋಗುತ್ತದೆ. ಬೋಲ್ಟ್ ಎಷ್ಟು ಉದ್ದವಾಯಿತು ಅಂತ ಗೇಜ್ ಹಿಡಿದು ಅಳೆಯುವುದೇ ಸರಿ. ಸಾಮಾನ್ಯವಾಗಿ 0.15 ಮಿ.ಮೀ. ಆಸುಪಾಸು.

ಬಿಸಿಯ ಕಥೆ ಬೇರೆ. ಪೋರ್ಷೆ 911ರಲ್ಲಿ 1968ರಿಂದ 1977ರವರೆಗೆ ಮೆಗ್ನೀಶಿಯಂ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಕೂರುವ ಎಂಜಿನ್ನಿನ ಕವಚ) ಇತ್ತು. ಹಗುರ, ಸರಿ. 2.7 ಲೀಟರ್ ಎಂಜಿನ್ ಬರುವ ಹೊತ್ತಿಗೆ ಸಿಲಿಂಡರಿನ ಮುಚ್ಚಳವಾದ ಹೆಡ್ ಹಿಡಿದಿಡುವ ಸ್ಟಡ್‌ಗಳು (ಥ್ರೆಡ್ ಇರುವ ಉದ್ದನೆಯ ಸರಳುಗಳು) ಕೇಸಿನ ಥ್ರೆಡ್ಡನ್ನೇ ಕಿತ್ತುಕೊಂಡು ಬರತೊಡಗಿದವು. ಅಲ್ಯೂಮಿನಿಯಂ ಕಾದಾಗ ಹಿಗ್ಗುವುದು ಸ್ಟೀಲಿನ ಹೆಚ್ಚುಕಡಿಮೆ ಎರಡರಷ್ಟು. 150 ಮಿ.ಮೀ. ಉದ್ದಕ್ಕೆ 80 ಡಿಗ್ರಿ ಬಿಸಿ ಏರಿದರೆ ಎರಡರ ನಡುವೆ 0.13 ಮಿ.ಮೀ. ವ್ಯತ್ಯಾಸ. ಸ್ಟೀಲ್ ಸ್ಟಡ್ ಅಷ್ಟು ಹಿಗ್ಗಲ್ಲ ಅನ್ನುತ್ತದೆ, ಅಲ್ಯೂಮಿನಿಯಂ ಸಿಲಿಂಡರ್ ಕೇಳುವುದಿಲ್ಲ, ನಡುವೆ ಸಿಕ್ಕಿ ನರಳುವುದು ಮೆಗ್ನೀಶಿಯಂ. ಇಂಥಲ್ಲಿ ಇನ್ನೂ ಗಟ್ಟಿ ಸ್ಟಡ್ ಹಾಕುವುದು ಮೂಗಿಗಿಂತ ಮೂಗುತಿ ಭಾರ ಮಾಡಿದ ಹಾಗೆ. ಅಲ್ಯೂಮಿನಿಯಂನಷ್ಟೇ ಹಿಗ್ಗುವ ಮಿಶ್ರಲೋಹದ ಸ್ಟಡ್ಡನ್ನೂ ಪೋರ್ಷೆ ತಂದಿತು, ಕೆಲವು ತುಕ್ಕು ಹಿಡಿದು ತುಂಡಾದವು. ಈಗ ಎಲ್ಲರೂ ಮಾಡುವುದು ಸಾದಾ ಉಪಾಯ: ಕೇಸಿನ ತೂತು ದೊಡ್ಡದು ಮಾಡಿ, ಹೊರಗೂ ಒಳಗೂ ಥ್ರೆಡ್ ಇರುವ ಸ್ಟೀಲ್ ಬುಷ್ ಕೂರಿಸಿ, ಅದರೊಳಗೆ ಸ್ಟಡ್ ತಿರುಗಿಸುವುದು. ಎಳೆತ ಅಷ್ಟೇ ಇರುತ್ತದೆ, ಅದನ್ನು ಹೊರುವ ಮೆಗ್ನೀಶಿಯಂನ ಹರವು ಹೆಚ್ಚಾಗುತ್ತದೆ.

ಕ್ರ್ಯಾಂಕ್ ತಿರುಗುವ ಜಾಗದ ಒಳಪದರವಾದ ಬೇರಿಂಗ್ ಷೆಲ್ ಅಂತೂ ಬೇಕೆಂದೇ ಮೆತ್ತಗೆ ಮಾಡುವ ಪದಾರ್ಥ. ಆಯಿಲ್ ಜೊತೆ ಕಸ ಬಂದರೆ ಅದು ಷೆಲ್ಲಿನಲ್ಲಿ ಹೂತುಹೋಗಲಿ, ಕ್ರ್ಯಾಂಕನ್ನು ಗೀರದಿರಲಿ ಅಂತ. ಪಿಸ್ಟನ್ನಿನಲ್ಲೂ ಅಷ್ಟೆ. 4032 ಅನ್ನುವ ಅಲ್ಯೂಮಿನಿಯಂನಲ್ಲಿ ಸುಮಾರು ಶೇ. 12 ಸಿಲಿಕಾನ್ ಇರುತ್ತದೆ, ಹಿಗ್ಗುವುದು ಕಡಿಮೆ, ಸಿಲಿಂಡರಿನಲ್ಲಿ ಬಿಗಿಯಾಗಿ ಕೂರುತ್ತದೆ. 2618ರಲ್ಲಿ ಸಿಲಿಕಾನ್ ಇಲ್ಲವೇ ಇಲ್ಲ ಅನ್ನುವಷ್ಟು, ಏಟಿಗೆ ಜಗ್ಗುವುದಿಲ್ಲ, ಆದರೆ ಹಿಗ್ಗುತ್ತದೆ, ಅದಕ್ಕಾಗಿ ಸಡಿಲ ಬಿಡಬೇಕು, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟಕಟಕ ಸದ್ದು. ಭಾನುವಾರ ಮಾತ್ರ ಹೊರಗೆ ತೆಗೆಯುವ ಕಾರಿಗೆ 'ರೇಸಿನವರು ಹಾಕ್ತಾರೆ' ಅಂತ 2618 ಕೇಳುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಲೋಟಸ್ ಟ್ವಿನ್ ಕ್ಯಾಮ್ ಎಂಜಿನ್ನಿನ ವಾಟರ್ ಪಂಪ್ ನನಗೆ ಬಹಳ ಇಷ್ಟದ ಪಾಠ. ಅದು ಕ್ಯಾಮ್ ತಿರುಗಿಸುವ ಚೈನನ್ನು ಮುಚ್ಚುವ ಮುಂದಿನ ಟೈಮಿಂಗ್ ಕವರಿನ ಒಳಗೇ ಸೇರಿಕೊಂಡಿದೆ. ಒಂದು ಸೀಲ್ ಸೋರಿತು ಅಂದರೆ ಎಂಜಿನ್ನಿನ ಅರ್ಧ ಬಿಚ್ಚಬೇಕು. ಹೊರಗಿನವರು ಅದಕ್ಕೆ ಮಾಡಿದ ಪರಿಹಾರ ಸೋರದ ಸೀಲ್ ಅಲ್ಲ. ಕವರ್ ಬಿಚ್ಚದೆ ಪಂಪನ್ನಷ್ಟೇ ಹೊರಗೆಳೆದು ಬೇರೆ ಹಾಕುವಂತೆ, ಕಾರ್ಟ್ರಿಜ್ ರೂಪದಲ್ಲಿ ಮಾಡಿದರು. ಪಂಪ್ ಮತ್ತೆ ಕೆಡುತ್ತದೆ ಅಂತ ಒಪ್ಪಿಕೊಂಡವರ ಕೆಲಸ ಅದು.

ಈಗ ಯಾರಾದರೂ ಗಟ್ಟಿ ಪಾರ್ಟ್ ಕೇಳಿ ಬಂದರೆ, ಮುರಿದದ್ದನ್ನು ತೊಳೆಯದೆ, ಅಕ್ಕಪಕ್ಕದವುಗಳ ಸಮೇತ ತನ್ನಿ ಅನ್ನುತ್ತೇನೆ. ಮೊನ್ನೆ ಒಬ್ಬರು ಎರಡು ತುಂಡಾದ ರಾಡನ್ನು ಹಳೆ ಬನಿಯನ್ನಿನಲ್ಲಿ ಸುತ್ತಿ ತಂದರು. ಮುರಿದ ಮುಖವನ್ನು ಲೆನ್ಸಿನಲ್ಲಿ ನೋಡಿದರೆ ಸಮುದ್ರದ ಮರಳಿನ ಮೇಲೆ ಅಲೆ ಬಿಟ್ಟುಹೋದ ಹಾಗೆ ಬಾಗಿದ ಗೆರೆಗಳು, ಒಂದರ ಹಿಂದೆ ಒಂದು. ಬಿರುಕು ದಿನದಿನಕ್ಕೂ ಇಷ್ಟಿಷ್ಟೇ ಬೆಳೆದ ಗುರುತು. ಗೆರೆಗಳನ್ನು ಹಿಂದಕ್ಕೆ ಹಿಡಿದು ಹೋದರೆ ಎಲ್ಲವೂ ರಾಡಿನ ನಡುವಿನ ಅಂಚಿನಲ್ಲಿ ಒಂದು ಕಡೆ ಸೇರುತ್ತಿದ್ದವು. ಅಲ್ಲಿ ಯಾರೋ ಹಿಂದಿನ ಮೆಕ್ಯಾನಿಕ್ ಸಿಲಿಂಡರ್ ನಂಬರ್ ಮರೆಯದಿರಲಿ ಅಂತ ಪಂಚ್ ಇಟ್ಟು '3' ಅಂತ ಬಡಿದಿದ್ದ. ಮೂರರ ಕೆಳತುದಿಯಿಂದಲೇ ಬಿರುಕು ಹೊರಟಿತ್ತು.

ಹೊಸ ರಾಡ್ ಮಾಡಿಕೊಟ್ಟೆ, ಮೊದಲಿನ ದರ್ಜೆಯ ಸ್ಟೀಲಿನಲ್ಲೇ. ಡಬ್ಬಿಯೊಳಗೆ ಒಂದು ಮಾರ್ಕರ್ ಪೆನ್ನೂ ಇಟ್ಟೆ.