ಹಳೇ ಜಾವಾದಲ್ಲಿ ಸಾಕೆಟ್ ಓದುವುದು: ಒಡೆದ ಅಕ್ಷರಗಳು ಕೂಡಿಕೊಂಡವು

ಮನೆಯ ಹಳೇ ಲ್ಯಾಪ್‌ಟಾಪನ್ನು ನಡುಮನೆಯ ಸೂಚನಾ ಫಲಕ ಮಾಡುವ ಕೆಲಸ ಈ ವಾರ ಒಂದು ಹದಕ್ಕೆ ಬಂತು. ಅದರಲ್ಲಿರುವುದು ಜಾವಾ ಪ್ರೋಗ್ರಾಮಿಂಗ್ ಭಾಷೆಯ ಹಳೇ ಆವೃತ್ತಿ, ಜಾವಾ 8. ನಾನು ನನ್ನ ಕಂಪ್ಯೂಟರಿನಿಂದ ಸಾಕೆಟ್ ಮೂಲಕ (ನೆಟ್‌ವರ್ಕಿನಲ್ಲಿ ಎರಡು ಪ್ರೋಗ್ರಾಮುಗಳನ್ನು ಬೆಸೆಯುವ ಕೊಂಡಿ) ಕನ್ನಡದಲ್ಲಿ ಕಳಿಸಿದ್ದು ಅಲ್ಲಿ ಕಾಣಬೇಕು, ಅಷ್ಟೇ.

ಶನಿವಾರ: ಹಾಲಿನ ಲೆಕ್ಕ, ಸಂತೆ ಪಟ್ಟಿ ಚೆನ್ನಾಗಿ ಬಂದವು. ಚಿಕ್ಕಮ್ಮ ಹೇಳಿಕೊಟ್ಟ ಮಾವಿನ ಮಿಡಿ ಉಪ್ಪಿನಕಾಯಿ ಕ್ರಮ ಕಳಿಸಿದೆ. ಉದ್ದ ಇತ್ತು. ನಡುವೆ ಒಂದು ಅಕ್ಷರ ಹೋಗಿ ಪ್ರಶ್ನೆ ಗುರುತು ಬಂತು. ಫಾಂಟ್ ತೊಂದರೆ ಇರಬೇಕು ಅಂತ ಎರಡು ಸಂಜೆ ಅದನ್ನೇ ಹುಡುಕಿದೆ.

ಸೋಮವಾರ: ಬಂದ ಬೈಟುಗಳನ್ನು ಒಂದೊಂದಾಗಿ ಪ್ರಿಂಟ್ ಮಾಡಿಸಿದೆ. ‘ಕ’ ಅಂದರೆ -32, -78, -107. ಜಾವಾದ ಬೈಟು -128ರಿಂದ 127ರವರೆಗೆ, ಅದಕ್ಕೇ ಈ ಮೈನಸ್. ನಿಜಕ್ಕೆ ಅವು 224, 178, 149. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಒಂದು ಕ್ರಮ) ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೂ (ಯೂನಿಕೋಡಿನಲ್ಲಿ ತನ್ನದೇ ಸಂಖ್ಯೆ ಇರುವ ಚಿಹ್ನೆ) ಮೂರು ಬೈಟು. ‘ಕನ್ನಡ’ ಕಣ್ಣಿಗೆ ಮೂರಕ್ಷರ, ಒಳಗೆ ಐದು ಕೋಡ್‌ಪಾಯಿಂಟ್, 15 ಬೈಟು. ಬಂದ ಬೈಟುಗಳನ್ನು ತುಂಬಿಸಿಕೊಳ್ಳುವ ನನ್ನ ಬಫರ್ 1024 ಬೈಟಿನದ್ದು. ಬರೀ ಕನ್ನಡವೇ ಇದ್ದರೆ 341 ಕೋಡ್‌ಪಾಯಿಂಟಿಗೆ 1023 ಬೈಟು ಆಯ್ತು. 342ನೆಯದರ ಮೊದಲ ಬೈಟು ಈ ತುಂಡಿನಲ್ಲಿ, ಉಳಿದೆರಡು ಮುಂದಿನ ತುಂಡಿನಲ್ಲಿ. ನಾನು ಪ್ರತಿ ತುಂಡನ್ನೂ ಬಂದ ಕೂಡಲೇ ಸ್ಟ್ರಿಂಗ್ (ಓದುವ ಪಠ್ಯ) ಮಾಡುತ್ತಿದ್ದೆ. ಅಕ್ಷರ ಒಡೆಯದೆ ಇನ್ನೇನು! ಖಾಲಿ ಜಾಗಕ್ಕೆ ಒಂದೇ ಬೈಟು, ಹಾಗಾಗಿ ಎಲ್ಲಿ ತುಂಡಾಗುತ್ತದೆ ಅನ್ನುವುದು ಪ್ರತಿ ಸಲ ಬೇರೆ. ಕೆಲವು ಉದ್ದದ ಸಂದೇಶಗಳು ಸರಿಯಾಗಿ ಬಂದಿದ್ದು ಇದಕ್ಕೇ.

ಬಫರ್ ದೊಡ್ಡದು ಮಾಡಿದರೂ ಪ್ರಯೋಜನವಿಲ್ಲ. ಸಾಕೆಟ್‌ನಿಂದ ಓದುವ ರೀಡ್ ಆ ಹೊತ್ತಿಗೆ ಎಷ್ಟು ಬಂದಿದೆಯೋ ಅಷ್ಟನ್ನೇ ಕೊಡಬಹುದು. ಒಂದು ಸಂದೇಶ ಎಲ್ಲಿ ಮುಗಿಯಿತು ಅಂತ ಟಿಸಿಪಿ (ನೆಟ್‌ವರ್ಕಿನಲ್ಲಿ ಬೈಟುಗಳನ್ನು ಸಾಗಿಸುವ ನಿಯಮ) ಹೇಳುವುದಿಲ್ಲ. ಎಷ್ಟು ಬೈಟು ಓದಲು ಸಿದ್ಧವಿದೆ ಅಂತ ಹೇಳುವ ಅವೈಲಬಲ್ 0 ಕೊಟ್ಟರೆ ‘ಮುಗಿಯಿತು’ ಅಂತ ಅಲ್ಲ, ‘ಸದ್ಯಕ್ಕೆ ಏನೂ ಬಂದಿಲ್ಲ’ ಅಂತ. ರೀಡ್‌ನಿಂದ -1 ಬರುವುದು ಆ ಕಡೆಯಿಂದ ಸಂಪರ್ಕ ಮುಚ್ಚಿದಾಗ. ನನ್ನದು ಇಡೀ ದಿನ ತೆರೆದೇ ಇರುತ್ತದೆ. 2017ರ ಜಾವಾ 9ರಲ್ಲಿ ಎಲ್ಲ ಬೈಟನ್ನೂ ಒಟ್ಟಿಗೆ ಓದುವ ರೀಡ್‌ಆಲ್‌ಬೈಟ್ಸ್ ಬಂತು, ನಿಜ. ಆದರೆ ಅದೂ -1 ಬರುವ ತನಕ ಕಾಯುತ್ತದೆ. ಇಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಬುಧವಾರ: ಕಳಿಸುವ ಕಡೆ ಮೊದಲು ನಾಲ್ಕು ಬೈಟಿನಲ್ಲಿ ಉದ್ದ, ಆಮೇಲೆ ಸಂದೇಶ. ಈ ಕಡೆ ಡೇಟಾಇನ್‌ಪುಟ್‌ಸ್ಟ್ರೀಮಿನ ರೀಡ್‌ಇಂಟ್‌ನಿಂದ ಉದ್ದ ತಿಳಿದುಕೊಂಡು, ಅಷ್ಟೇ ದೊಡ್ಡ ಅರೇ (ಬೈಟುಗಳ ಸಾಲು) ಮಾಡಿ, ಅದು ತುಂಬುವ ತನಕ ಓದುವ ರೀಡ್‌ಫುಲ್ಲಿ. ಇವೆರಡೂ ಜಾವಾ 1.0ರಿಂದಲೇ ಇವೆ! ಎಲ್ಲ ಬೈಟೂ ಬಂದ ಮೇಲೆ ಒಂದೇ ಸಲ ಸ್ಟ್ರಿಂಗ್, ಅದೂ ಯುಟಿಎಫ್-8 ಅಂತ ಹೆಸರು ಹೇಳಿ. ಜಾವಾ 18ಕ್ಕಿಂತ ಹಿಂದಿನವು ಹೆಸರು ಹೇಳದೆ ಬಿಟ್ಟರೆ ಆ ಕಂಪ್ಯೂಟರಿನ ಎನ್‌ಕೋಡಿಂಗನ್ನೇ ಹಿಡಿಯುತ್ತವೆ. ರೀಡ್‌ಯುಟಿಎಫ್ ಬಳಸಲಿಲ್ಲ. ಅದರ ಮಿತಿ 65,535 ಬೈಟು, ಜೊತೆಗೆ ಅದು ಓದುವುದು ಯುಟಿಎಫ್-8ರ ಜಾವಾದ್ದೇ ಬೇರೆ ರೂಪ. ಮುಂದೆ ಪೈಥಾನ್‌ನಿಂದಲೂ ಕಳಿಸಬೇಕು ಅಂತಿದೆ.

ಆದರೂ ಮೊದಲ ಸಲ ಮೂರರಲ್ಲಿ ಒಂದು ಭಾಗವಷ್ಟೇ ಬಂತು. ಸ್ಟ್ರಿಂಗಿನ ಲೆಂಗ್ತ್ ಕಳಿಸಿದ್ದೆ. ‘ಕನ್ನಡ’ಕ್ಕೆ ಅದು 5 ಅನ್ನುತ್ತದೆ, ಹೋಗುವುದು 15 ಬೈಟು. ಮೊದಲು ಬೈಟ್ ಅರೇ ಮಾಡಿ ಅದರ ಉದ್ದ ಕಳಿಸಿದೆ. ಉಪ್ಪಿನಕಾಯಿ ಕ್ರಮ ಒಂದಕ್ಷರವೂ ಕೆಡದೆ ಬಂತು. ತುಂಬಾ ಖುಷಿಯಾಯ್ತು.

ಉಳಿದಿರುವುದು ಒಂದು. ಕಳಿಸುವ ಕಡೆ ನಡುವೆ ಕರೆಂಟ್ ಹೋದರೆ ರೀಡ್‌ಫುಲ್ಲಿ ಕಾಯುತ್ತಲೇ ಇರುತ್ತದೆ. ಸೆಟ್‌ಸೋಟೈಮ್‌ಔಟ್ (ಓದಲು ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ) 30,000 ಮಿಲಿಸೆಕೆಂಡ್ ಹಾಕಿದ್ದೇನೆ. ಹೊಸ ಸಂದೇಶವೇ ಇಲ್ಲದೆ ಸುಮ್ನೆ ಕಾಯುವಾಗಲೂ ಅದು ಎಕ್ಸೆಪ್ಶನ್ (ದೋಷದ ಸೂಚನೆ) ಕೊಡುತ್ತದೆ, ಅಲ್ವಾ? ಹಾಗಾಗಿ ಉದ್ದ ಸಿಕ್ಕ ಮೇಲೆ ಮಾತ್ರ ಹಾಕಿ, ಸಂದೇಶ ಮುಗಿದ ಕೂಡಲೇ ಮತ್ತೆ 0, ಅಂದರೆ ಮಿತಿಯೇ ಇಲ್ಲದ ಹಾಗೆ, ಮಾಡುತ್ತಿದ್ದೇನೆ. ಭಾನುವಾರ ಪ್ಲಗ್ ಕಿತ್ತು ನೋಡಬೇಕು.